ಶಿವಮೊಗ್ಗದ ವೃದ್ಧಾಶ್ರಮದಲ್ಲಿ ಮಳೆಗಾಲಕ್ಕೆ ಕೂತು ಆಡಲು ಯಾವ ಆಟ ಕೊಡಿಸಬಹುದು?

ಮೊದಲು ಚನ್ನೆಮಣೆ ಕೊಡಿಸಿ. ಮಲೆನಾಡಿನ ಅಜ್ಜಿಯರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಅವರೇ ನಿಮಗೆ ಕಲಿಸುತ್ತಾರೆ. 14 ಗುಳಿ, ಸಾಮಾನ್ಯವಾಗಿ ಗುಳಿಗೆ 4 ಕಾಳು. ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಹಾಕುತ್ತಾ ಹೋಗುವಾಗ ಬೆರಳಿಗೂ ಕೆಲಸ, ಎದುರಿನವರ ಲೆಕ್ಕ ಹಿಡಿಯೋಕೆ ತಲೆಗೂ ಕೆಲಸ. ಗುಲಗಂಜಿ ಮಾತ್ರ ಬೇಡ. ತೀರಾ ಸಣ್ಣದು, ಮೇಲಾಗಿ ವಿಷ. ಹುಣಸೆ ಬೀಜವೇ ವಾಸಿ.

ನಾಲ್ಕು ಜನ ಸೇರಿದರೆ ಚೌಕಾಬಾರ. ಕವಡೆ ನಾಲ್ಕೂ ಅಂಗಾತ ಬಿದ್ದರೆ 4, ಬೋರಲು ಬಿದ್ದರೆ 8, ಆಗಿನ ಗಲಾಟೆ ನೋಡಬೇಕು! ಮನೆಗಳನ್ನು ಹಲಗೆ ಮೇಲೆ ದಪ್ಪ ಗೆರೆಯಲ್ಲಿ ಬರೆಸಿ, ಕಣ್ಣು ಮಂಜಾದವರಿಗೂ ಕಾಣಬೇಕಲ್ವಾ? ಹಲಗೆಯನ್ನು ಮೇಜಿನ ಮೇಲೇ ಇಡಿ, ನೆಲದಲ್ಲಿ ಹಾಸಿದರೆ ಮಂಡಿನೋವಿನವರು ಹತ್ತಿರವೇ ಬರೋದಿಲ್ಲ. ಇಸ್ಪೀಟೂ ಇರಲಿ, ದುಡ್ಡು ಕಟ್ಟೋದು ಬೇಡ.