ಮುಖ ಗುರುತಿಸುವ ಕ್ಯಾಮೆರಾಗೆ ನಾವ್ಯಾಕೆ ಹೆದರಬೇಕು?

ಪ್ರಶ್ನೆ: ನಿಲ್ದಾಣ, ಕ್ರೀಡಾಂಗಣ ಅಂತ ಎಲ್ಲಾ ಕಡೆ ಮುಖ ಗುರುತಿಸುವ ಕ್ಯಾಮೆರಾ ಹಾಕುತ್ತಿದ್ದಾರೆ. ಶೇ 99.9ರಷ್ಟು ಸರಿ ಹೇಳುತ್ತದಂತೆ. ತಪ್ಪು ಮಾಡದವರು ಯಾಕೆ ಹೆದರಬೇಕು ಹೇಳಿ?

ಉತ್ತರ: ಮೊದಲು ಆ 99.9 ಏನು ಅಂತ ನೋಡೋಣ. ಲೆಕ್ಕ ಅಂತ ಓದದೇ ಬಿಡಬೇಡಿ, ಚಿಕ್ಕದೇ ಇದೆ. ಒಂದು ನಿಲ್ದಾಣದಲ್ಲಿ ದಿನಕ್ಕೆ 1 ಲಕ್ಷ ಜನ ಓಡಾಡುತ್ತಾರೆ, ಅವರಲ್ಲಿ ಪೊಲೀಸರಿಗೆ ಬೇಕಾದವರು 10 ಮಂದಿ ಅಂದುಕೊಳ್ಳಿ. ಕ್ಯಾಮೆರಾ ಆ ಹತ್ತೂ ಮಂದಿಯನ್ನು ಗುರುತಿಸಿತು ಅಂತಲೇ ಇಟ್ಟುಕೊಳ್ಳೋಣ. ಉಳಿದವರಲ್ಲಿ ಸಾವಿರಕ್ಕೆ ಒಬ್ಬರನ್ನು ತಪ್ಪಾಗಿ ತೋರಿಸಿದರೂ ಸುಮಾರು 100 ಮಂದಿ ಆಯಿತಲ್ವಾ? 110 ಅಲರ್ಟ್‌ನಲ್ಲಿ 100 ಸುಳ್ಳು!

ಇದು ಬರೀ ಕಾಗದದ ಲೆಕ್ಕವೂ ಅಲ್ಲ. 2017ರಲ್ಲಿ ಬ್ರಿಟನ್‌ನ ಕಾರ್ಡಿಫ್ ನಗರದಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ನಡೆದಾಗ ಇಂಥ ಕ್ಯಾಮೆರಾಗಳು 2,470 ಅಲರ್ಟ್ ಕೊಟ್ಟವು, ಅದರಲ್ಲಿ 2,297 ತಪ್ಪು. ಆಮೇಲೆ ತಂತ್ರಜ್ಞಾನ ತುಂಬಾ ಸುಧಾರಿಸಿದೆ, ಒಪ್ಪೋಣ. ಆದರೆ ಕ್ಯಾಮೆರಾ ಈಗಲೂ ‘ಇವನೇ ಅವನು’ ಅಂತ ಹೇಳುವುದಿಲ್ಲ. ಮುಖವನ್ನು ಅಂಕಿಗಳ ಸಾಲಾಗಿ ಮಾಡಿ, ಪೊಲೀಸರು ಹುಡುಕುವವರ ಪಟ್ಟಿಯಲ್ಲಿರುವ ಫೋಟೊಗೆ ಇಷ್ಟು ಹೋಲುತ್ತದೆ ಅಂತ ಒಂದು ಅಂಕ ಕೊಡುತ್ತದೆ, ಅಷ್ಟೇ. ಎಷ್ಟು ಅಂಕ ಬಂದರೆ ಅಲರ್ಟ್ ಅನ್ನುವುದನ್ನು ಮನುಷ್ಯರೇ ಗೊತ್ತುಮಾಡುತ್ತಾರೆ. ಅದನ್ನು ಇಳಿಸಿದರೆ ಅಮಾಯಕರು ಸಿಕ್ಕಿಬೀಳುತ್ತಾರೆ, ಏರಿಸಿದರೆ ಬೇಕಾದವರೇ ತಪ್ಪಿಸಿಕೊಳ್ಳುತ್ತಾರೆ.

ತಪ್ಪು ಮಾಡದವರು ಅಂದಿರಲ್ಲ, ಅಮೆರಿಕದ ಡೆಟ್ರಾಯ್ಟ್‌ನ ರಾಬರ್ಟ್ ವಿಲಿಯಮ್ಸ್ ಏನೂ ಮಾಡಿರಲಿಲ್ಲ. ಅಂಗಡಿಯಿಂದ ವಾಚುಗಳು ಕಳುವಾದಾಗ ಸಿಕ್ಕ ಮಸುಕು ವಿಡಿಯೊಗೆ ಕಂಪ್ಯೂಟರ್ ಅವರ ಹಳೇ ಲೈಸೆನ್ಸ್ ಫೋಟೊವನ್ನು ಹೊಂದಿಸಿತು. 2020ರ ಜನವರಿಯಲ್ಲಿ ಪೊಲೀಸರು ಹೆಂಡತಿ, ಮಕ್ಕಳ ಎದುರೇ ಬಂಧಿಸಿ ಸುಮಾರು 30 ಗಂಟೆ ಕೂಡಿಹಾಕಿದರು. ಅವರು ಕೇಸು ಹಾಕಿದ ಮೇಲೆ, 2024ರ ಒಪ್ಪಂದದಲ್ಲಿ, ಮುಖ ಹೊಂದಿತು ಅನ್ನುವ ಒಂದೇ ಕಾರಣಕ್ಕೆ ಡೆಟ್ರಾಯ್ಟ್ ಪೊಲೀಸರು ಯಾರನ್ನೂ ಬಂಧಿಸಬಾರದು ಅಂತ ಆಯಿತು. ಅದು ಮೊದಲೇ ಇರಬೇಕಿತ್ತು ಅನ್ನಿಸಲ್ವಾ?

ಪ್ರಶ್ನೆ: ಹಾಗಾದರೆ ಕ್ಯಾಮೆರಾ ಬೇಡವೇ ಬೇಡ ಅಂತೀರಾ?

ಉತ್ತರ: ಇಲ್ಲ ಮಾರಾಯ್ರೇ. ಜಾತ್ರೆಯಂಥ ಜನಜಂಗುಳಿಯಲ್ಲಿ ಮಗು ಕಳೆದುಹೋದರೆ ನಾನೂ ಇದನ್ನೇ ಬಳಸಿ ಅಂತ ಗೋಗರೆಯುತ್ತೇನೆ. ಯುರೋಪಿಯನ್ ಒಕ್ಕೂಟದ ಕಾನೂನು ಹೆಚ್ಚುಕಮ್ಮಿ ಹೀಗೇ ಇದೆ. ಸಾರ್ವಜನಿಕ ಜಾಗದಲ್ಲಿ ಪೊಲೀಸರು ಓಡಾಡುವವರ ಮುಖವನ್ನು ಆಗಿಂದಾಗಲೇ ಹೋಲಿಸಿ ನೋಡುವುದನ್ನು 2025ರ ಫೆಬ್ರುವರಿಯಿಂದ ನಿಷೇಧಿಸಿದ್ದಾರೆ. ಕಾಣೆಯಾದವರ ಹುಡುಕಾಟ, ಭಯೋತ್ಪಾದನೆಯ ಬೆದರಿಕೆ, ಗಂಭೀರ ಅಪರಾಧದ ಶಂಕಿತರು, ಇಂಥದ್ದಕ್ಕೆ ಮಾತ್ರ ವಿನಾಯಿತಿ ಕೊಡಬಹುದು, ಅದಕ್ಕೂ ಸಾಮಾನ್ಯವಾಗಿ ಮೊದಲೇ ಅನುಮತಿ ಬೇಕು.

ನನಗೆ ಕ್ಯಾಮೆರಾಗಿಂತ ಆ ಪಟ್ಟಿಯ ಮೇಲೇ ಅನುಮಾನ ಜಾಸ್ತಿ. ಅದರಲ್ಲಿ ಯಾರ ಫೋಟೊ ಇದೆ, ಸೇರಿಸಿದವರು ಯಾರು, ತಪ್ಪಾಗಿ ಸೇರಿದ್ದರೆ ತೆಗೆಸುವುದು ಹೇಗೆ? ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಮುಖಕ್ಕೆ ಏನು ಮಾಡೋಣ? ನಿಮ್ಮ ಕಡೆ ಇಂಥ ಕ್ಯಾಮೆರಾ ಬಂದರೆ, ಎಷ್ಟು ಹಾಕಿದ್ದೀರಿ ಅಂತ ಕೇಳುವ ಮೊದಲು ಆ ಪಟ್ಟಿಯ ಬಗ್ಗೆ ಕೇಳಿ.