ಕಾರ್ಡು ನಿಮ್ಮದು, ಖರ್ಚು ಮೈದುನನದ್ದು

ದಾವಣಗೆರೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: "ನನ್ನ ಕ್ರೆಡಿಟ್ ಕಾರ್ಡಿನ ಮೇಲೆ ಮೈದುನನಿಗೆ ಆ್ಯಡ್-ಆನ್ (ಹೆಚ್ಚುವರಿ) ಕಾರ್ಡ್ ಮಾಡಿಸಿಕೊಟ್ಟೆ. 1,40,000 ರೂಪಾಯಿ ಬಾಕಿ ಮಾಡಿದ್ದಾನೆ, ಕಟ್ಟುತ್ತಿಲ್ಲ. ತಿಂಗಳಿಗೆ ಕಟ್ಟಲೇಬೇಕಾದ ಮಿನಿಮಮ್ ಮೊತ್ತ ಮಾತ್ರ ನಾನು ಕಟ್ಟುತ್ತಿದ್ದೇನೆ. ಖರ್ಚು ಮಾಡಿದವನನ್ನು ಬಿಟ್ಟು ಬ್ಯಾಂಕಿನವರು ನನಗೇ ಯಾಕೆ ಫೋನ್ ಮಾಡುತ್ತಾರೆ? ಮನೆ ವಿಷಯ ಬೀದಿಗೆ ತರಬೇಡ ಅಂತಾರೆ ಅತ್ತೆ."

ಫೋನಿನ ವಿಷಯ ಬೇಗ ಮುಗಿಸೋಣ. ಆ್ಯಡ್-ಆನ್ ಕಾರ್ಡಿನ ಬಾಕಿಗೆ ಮುಖ್ಯ ಕಾರ್ಡುದಾರರೇ ಹೊಣೆ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ. ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಮೈದುನ ಸಾಲಗಾರನೇ ಅಲ್ಲ.

ಅತ್ತೆಯವರ ಮಾತು ಪೂರ್ತಿ ತಪ್ಪು ಅನ್ನಲಾರೆ, ಒಂದೇ ಸೂರಿನಡಿ ಬದುಕಬೇಕಲ್ಲ. ಆದರೆ ಈ ಮರ್ಯಾದೆಗೆ ತಿಂಗಳಿಗೆ ಎಷ್ಟು ಬೀಳುತ್ತಿದೆ ನೋಡಿದ್ದೀರಾ? ತಿಂಗಳಿಗೆ 3.5% ಬಡ್ಡಿ ಅಂತಿಟ್ಟುಕೊಳ್ಳಿ, 4,900 ರೂಪಾಯಿ ಆಯಿತು. ಅದರ ಮೇಲೆ 18% ಜಿಎಸ್‌ಟಿ, 882. ಮಿನಿಮಮ್ ಅನ್ನೋದು ಬಾಕಿಯ 5% ಆದರೆ ನೀವು ಕಟ್ಟುವುದು 7,000. ಅಂದರೆ ಅಸಲಿಗೆ ಸೇರುವುದು 1,218 ರೂಪಾಯಿ! ಸುಮ್ನೆ ಕಟ್ಟಿಕೊಂಡು ಹೋದಿರಲ್ಲ, ಇದಕ್ಕೆ ನಾನು ನಿಮ್ಮನ್ನು ಸ್ವಲ್ಪ ಬೈಯಲೇಬೇಕು.

ನಮ್ಮಪ್ಪ ಒಬ್ಬ ಸಹೋದ್ಯೋಗಿಯ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದರು. ಆತ ಕಟ್ಟಲಿಲ್ಲ, ಅಪ್ಪನ ಸಂಬಳದಲ್ಲಿ ಕಡಿತ ಶುರುವಾಯಿತು. ಅಮ್ಮನಿಗೆ ಗೊತ್ತಾಗಿದ್ದು ಸಂಬಳದ ಚೀಟಿ ಕೈಗೆ ಸಿಕ್ಕಾಗ. ಆ ಮನುಷ್ಯ ಮಾತ್ರ ಯುಗಾದಿಗೆ ತಪ್ಪದೆ ಬಂದು ನಮ್ಮನೆ ಹೋಳಿಗೆ ತಿಂದು ಹೋಗುತ್ತಿದ್ದ, ಅಪ್ಪ ಇನ್ನೊಂದು ಹಾಕಿಸಿಕೊಳ್ಳಿ ಅಂತ ಬಲವಂತ ಮಾಡುತ್ತಿದ್ದರು. ಹೇಗೆ ಕೇಳೋದು ಅನ್ನೋ ಸಂಕೋಚ. 1872ರ ಕರಾರು ಕಾಯ್ದೆ ಪ್ರಕಾರ ಜಾಮೀನುದಾರ ಕಟ್ಟಿದ ದುಡ್ಡನ್ನು ಸಾಲಗಾರನಿಂದ ವಸೂಲಿ ಮಾಡಬಹುದು. ಅಪ್ಪನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ.

ನಿಮಗೆ ನಾನು ಹೇಳುತ್ತಿದ್ದೇನೆ. ಮೊದಲು ಆ ಆ್ಯಡ್-ಆನ್ ಕಾರ್ಡ್ ಇವತ್ತೇ ನಿಲ್ಲಿಸಿ, ಅದಕ್ಕೆ ಮೈದುನನ ಒಪ್ಪಿಗೆ ಬೇಕಿಲ್ಲ. ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಾಯಿಸಿ ಅಂತ ಬ್ಯಾಂಕಿಗೆ ಬರೆಯಿರಿ. "ಇಷ್ಟಕ್ಕೆ ಸೆಟಲ್ ಮಾಡ್ತೀವಿ ಮೇಡಂ" ಅಂತ ಯಾರಾದರೂ ಆಸೆ ತೋರಿಸಿದರೆ ಹುಷಾರು. ಪೂರ್ತಿ ಕಟ್ಟಿದ ಖಾತೆ ಬೇರೆ, ಒಂದಿಷ್ಟು ಕಟ್ಟಿ ಉಳಿದದ್ದನ್ನು ಬಿಡಿಸಿಕೊಂಡು ಸೆಟಲ್ ಆದ ಖಾತೆ ಬೇರೆ. ಎರಡನೆಯದು ನಿಮ್ಮ ಸಾಲದ ಚರಿತ್ರೆ ಹೇಳುವ ಸಿಬಿಲ್ ವರದಿಯಲ್ಲಿ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಯವರು ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ, ಖರ್ಚಿಲ್ಲ.

ಆಮೇಲೆ ಮೈದುನ. ಜಗಳ ಬೇಡ, ಆದರೆ ಇಷ್ಟು ಕೊಡಬೇಕು ಅಂತ ಅವನ ಕೈಯಲ್ಲೇ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿ. ಒಡಹುಟ್ಟಿದವರ ಮಧ್ಯೆ ಕಾಗದ ಯಾಕೆ ಅನ್ನುವವರು ಸೈಟು ಪಾಲಾಗುವ ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿರುತ್ತಾರೆ.

ಇನ್ನು ಆ ಕಾರ್ಡಿನ ಅರ್ಜಿ. ಇರುವೆ ಸಾಲಿನಂಥ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಹೊಣೆ ಯಾರದು ಅನ್ನುವ ಒಂದು ವಾಕ್ಯವನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಹಾಕಿದ್ದರೆ ನೀವು ಸಹಿ ಮಾಡುವ ಮುಂಚೆ ಒಂದು ನಿಮಿಷ ನಿಲ್ಲುತ್ತಿದ್ದಿರಿ, ಅಲ್ವಾ? ಕಾರ್ಡ್ ಮಾರುವ ಹುಡುಗ ಮಾತ್ರ ಎಷ್ಟು ಚೆಂದದ ಕನ್ನಡ ಮಾತಾಡುತ್ತಾನೆ!

ಮುಂದಿನ ಸ್ಟೇಟ್‌ಮೆಂಟ್ ಬಂದಾಗ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಡ್ಡಿ ಎಷ್ಟು ಅಂತ ಗಟ್ಟಿಯಾಗಿ ಓದಿ ಹೇಳಿ. ಏನಂದರು ಅಂತ ನನಗೂ ಬರೆಯಿರಿ.

— ಸಂ.