ಒತ್ತು ನಾಟಿ ಮತ್ತು ಕಂದು ಜಿಗಿಹುಳು

ಹೊಸನಗರದ ಅಣ್ಣ, ಹತ್ತಿರ ಹತ್ತಿರ ನೆಟ್ಟಿದ್ದಕ್ಕೇ ಬತ್ತದ ಗದ್ದೆಯ ನಡುವೆ ಚಕ್ರಾಕಾರವಾಗಿ ಸುಟ್ಟಂತಾಯಿತೇ ಎಂದು ಕೇಳಿದ್ದೀರಿ. ಫೋಟೊ ನೋಡಿದೆ, ಕಂದು ಜಿಗಿಹುಳುವಿನದೇ ಕೆಲಸ. ಹುಳು ಹೊರಗಿನಿಂದ ಹಾರಿ ಬರುತ್ತದೆ. ಒತ್ತು ನಾಟಿ ಅದಕ್ಕೆ ಮನೆ ಮಾಡಿಕೊಡುತ್ತದೆ.

ಈ ಹುಳು ನೀರಿಗಿಂತ ನಾಲ್ಕು ಬೆರಳು ಮೇಲೆ, ಬುಡದಲ್ಲೇ ಕುಳಿತು ರಸ ಹೀರುತ್ತದೆ. ನೆರಳು, ತೇವ, ಗಾಳಿಯಾಡದ ಜಾಗ ಅದಕ್ಕೆ ಇಷ್ಟ. ಒತ್ತು ನಾಟಿಯ ಮೇಲೆ ಯೂರಿಯಾವೂ ಹೆಚ್ಚಾದರೆ ಗರಿಗೆ ಗರಿ ಕೂಡಿಕೊಂಡು ಬುಡಕ್ಕೆ ಬಿಸಿಲು ಇಳಿಯುವುದೇ ಇಲ್ಲ. ಉತ್ತರೆ, ಹಸ್ತ ಮಳೆಯ ಹೊತ್ತಿಗೆ ಒಳಗೆಲ್ಲ ಬೆವರಿದಂತಿರುತ್ತದೆ.

ಇಂದೇ ಗದ್ದೆಗಿಳಿದು ಒಂದು ಬುಡವನ್ನು ಓರೆಯಾಗಿ ಬಗ್ಗಿಸಿ ಅಂಗೈಯಿಂದ ಎರಡು ಸಲ ತಟ್ಟಿ. ಎಳ್ಳಿಗಿಂತ ಸಣ್ಣ ಮರಿಗಳೂ ದೊಡ್ಡ ಹುಳುಗಳೂ ನೀರಿನ ಮೇಲೆ ಉದುರಿ, ಅಲ್ಲಿಂದಲೇ ಪಕ್ಕದ ಬುಡಕ್ಕೆ ಜಿಗಿಯುತ್ತವೆ. ಸುಟ್ಟ ಜಾಗದಲ್ಲಿ ಎಣಿಸಬೇಡಿ, ಅದರ ಸುತ್ತಲಿನ ಹಸಿರು ಬುಡಗಳಲ್ಲಿ ಎಣಿಸಿ. ಬುಡಕ್ಕೆ ಹತ್ತು ದಾಟಿದ್ದರೆ ಔಷಧ ಬೇಕಾಗುತ್ತದೆ. ಮೊದಲು ಮೂರು ನಾಲ್ಕು ದಿನ ನೀರು ಬಸಿಯಿರಿ (ತಗ್ಗಿನ ಬೈಲು ಗದ್ದೆಯಾದರೆ ಇದು ಕಷ್ಟ, ಆದರೂ ಕಾಲುವೆ ಕಡಿದು ನೋಡಿ). ಪೈರನ್ನು ಅಲ್ಲಲ್ಲಿ ಎರಡೂ ಬದಿಗೆ ಸರಿಸಿ ದಾರಿ ಮಾಡಿಕೊಂಡು, ಸಿಂಪಡಣೆಯ ನಳಿಕೆಯನ್ನು ಬುಡಕ್ಕೇ ಹಿಡಿಯಿರಿ. ಮೇಲಿಂದ ಹೊಡೆದರೆ ಗರಿ ಮಾತ್ರ ನೆನೆಯುತ್ತದೆ. ಪೈರಿಥ್ರಾಯ್ಡ್ ಜಾತಿಯ ಔಷಧ ದಯವಿಟ್ಟು ಬೇಡ. ಜೇಡಗಳೂ ಜಿಗಿಹುಳುವಿನ ಮೊಟ್ಟೆ ತಿನ್ನುವ ಹಸಿರು ತಿಗಣೆಗಳೂ ಸತ್ತು, ಹುಳು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.

ಮುಂದಿನ ವರ್ಷಕ್ಕೆ ಅಂತರದ ಲೆಕ್ಕ ಹೇಳುತ್ತೇನೆ. 20×10 ಸೆಂಟಿಮೀಟರ್ ನೆಟ್ಟರೆ ಚದರ ಮೀಟರಿಗೆ 50 ಬುಡ, 20×15 ಆದರೆ 33, ಎಳೆ ಸಸಿಯನ್ನು ಒಂದೊಂದಾಗಿ ದೂರ ದೂರ ನೆಡುವ ಶ್ರೀ (SRI) ಪದ್ಧತಿಯ 25×25ರಲ್ಲಿ 16 ಮಾತ್ರ. ಸಕಾಲದ ನಾಟಿಗೆ ನನ್ನ ಆಯ್ಕೆ 20×15. ತೀರಾ ವಿರಳವಾದರೆ ಕಳೆ ಏಳುತ್ತದೆ, ತೆಂಡೆ (ಬುಡದಿಂದ ಒಡೆಯುವ ಕವಲು) ತಡವಾಗಿಯೂ ಒಡೆಯುತ್ತ ಹೋಗಿ ತೆನೆ ಒಟ್ಟಿಗೆ ಬರುವುದಿಲ್ಲ. ಆಶ್ಲೇಷ ಮಳೆ ದಾಟಿ ತಡವಾಗಿ ನೆಡುವವರಿಗೆ ತೆಂಡೆಗೆ ಸಮಯ ಸಾಲದು, ಅವರು ಹತ್ತಿರವೇ ನೆಡಲಿ. ಆದರೆ ಯಾರೇ ಆಗಲಿ, ಹತ್ತು ಸಾಲಿಗೊಮ್ಮೆ ಒಂದು ಅಡಿ ದಾರಿ ಬಿಡಲೇಬೇಕು. ನಮ್ಮ ಗದ್ದೆಯಲ್ಲಿ ಮೊದಲ ಸಲ ಬಿಟ್ಟಾಗ ಅಮ್ಮ "ಇಷ್ಟು ಜಾಗ ಖಾಲಿಯೇ?" ಎಂದು ಬೇಸರಪಟ್ಟಿದ್ದರು. ದಾರಿಯಂಚಿನ ಬುಡಗಳು ದಪ್ಪಗೆ ತೆಂಡೆ ಹೊಡೆದದ್ದನ್ನು ಕಂಡ ಮೇಲೆ ಈಗ ಹಗ್ಗ ಹಿಡಿಯುವವರೇ ಅವರು.

ಕೊಳವೆ ಹುಳುವಿನ ಬಗ್ಗೆಯೂ ಕೇಳಿದ್ದೀರಿ. ಅದು ಗರಿಯ ತುಂಡನ್ನು ಕೊಳವೆಯಂತೆ ಸುತ್ತಿಕೊಂಡು ನಿಂತ ನೀರಿನಲ್ಲಿ ತೇಲಿ ಹರಡುವಂಥದ್ದು, ಅಂತರಕ್ಕಿಂತ ನೀರು ಬಸಿಯುವುದೇ ಅದಕ್ಕೆ ಮದ್ದು.

ಬುಡಕ್ಕೆ ಎಷ್ಟು ಹುಳು ಸಿಕ್ಕಿತೆಂದು ಸಂಜೆಯೊಳಗೆ ಇಲ್ಲೇ ಬರೆಯಿರಿ, ಪೈರಿನ ವಯಸ್ಸನ್ನೂ ತಿಳಿಸಿ.